ಮೊದಲ ಪಂದ್ಯಕ್ಕೂ ಮುಂಚೆ ಹೋದ ಮಂಡಿ

ಹೊಸದಾಗಿ ಶುರುವಾಗಿದ್ದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗೊಂದಕ್ಕೆ ನಾನು ಆಯ್ಕೆಯಾದ ಸುದ್ದಿ ಮುಟ್ಟಿದಾಗ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಗ್ಯಾರಂಟಿನೇನಪ್ಪಾ?’ ಪಟ್ಟಿಯಲ್ಲಿ ಹೆಸರು ಬಂದಿದೆ, ಸಹಿಗೆ ಕರೆದಿದ್ದಾರೆ ಅಂದೆ. ‘ಅದಲ್ಲ ಕಣಪ್ಪ, ದುಡ್ಡು ಗ್ಯಾರಂಟಿನಾ ಅಂತ’ ಅಂದರು. ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿ, ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾದವರ ಪ್ರಶ್ನೆ ಅದು. ಊರಿನಲ್ಲಿ ಮಿಕ್ಕವರೆಲ್ಲ ಎಷ್ಟು ದುಡ್ಡು, ಟಿವಿಯಲ್ಲಿ ಬರುತ್ತೀಯಾ, ಯಾವ ನಂಬರಿನ ಬನಿಯನ್ನು ಎಂದು ಕೇಳಿದರು. ಆಮೇಲೆ ನಾನು ಪಟ್ಟ ಪಾಡನ್ನೆಲ್ಲ ನೋಡಿದರೆ, ಕೇಳಬೇಕಾದ ಪ್ರಶ್ನೆ ಕೇಳಿದವರು ಅಪ್ಪ ಒಬ್ಬರೇ.

ಮಂಡ್ಯ ಕಡೆಯ ಹಳ್ಳಿ ನಮ್ಮದು. ಕಬಡ್ಡಿ ಆಡಿ ಪೊಲೀಸ್ ಕೆಲಸ ಹಿಡಿದವರು, ಕುಸ್ತಿ ಮಾಡಿ ದಸರಾ ಕಣದಲ್ಲಿ ಹೆಸರು ಮಾಡಿದವರು ನಮ್ಮ ಸುತ್ತಿನ ಊರುಗಳಲ್ಲಿ ಇದ್ದಾರೆ. ಬ್ಯಾಸ್ಕೆಟ್‌ಬಾಲ್ ಆಡಿ ಹೊಟ್ಟೆ ಹೊರೆದವರಿಲ್ಲ. ನಾನು ಈ ಆಟಕ್ಕೆ ಬಂದದ್ದು ಎತ್ತರದಿಂದ. ವಯಸ್ಸಿಗೆ ಮೀರಿ ಬೆಳೆಯುತ್ತಿದ್ದವನನ್ನು ಶಾಲೆಯ ಪಿ.ಟಿ. ಮೇಷ್ಟ್ರು ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕರೆದುಕೊಂಡು ಹೋದರು. ಅಳೆದರು, ಓಡಿಸಿದರು, ಹಾರಿಸಿದರು, ತೆಗೆದುಕೊಂಡರು. ಅವ್ವ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳು. ಮಗನ ಊಟ, ಓದು ಎರಡನ್ನೂ ಸರ್ಕಾರ ನೋಡಿಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಅವಳು ಎರಡನೇ ಮಾತಾಡಲಿಲ್ಲ.

2015ರ ಜೂನ್‌ನಲ್ಲಿ ನಾನು ಬೆಂಗಳೂರಿನ ವಿದ್ಯಾನಗರದ ಹಾಸ್ಟೆಲಿನಲ್ಲಿದ್ದೆ. ಬೆಳಗಿನ ಅಭ್ಯಾಸ ಮುಗಿದು ತಿಂಡಿಗೆ ಕೂತಿದ್ದಾಗ ಸುದ್ದಿ ಬಂತು: ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ, ಏಳು ಅಡಿ ಎರಡು ಅಂಗುಲದ ಸತ್ನಾಂ ಸಿಂಗ್‌ನನ್ನು ಅಮೆರಿಕದ ವೃತ್ತಿಪರ ಲೀಗಾದ ಎನ್.ಬಿ.ಎ.ಯ ಡ್ರಾಫ್ಟಿನಲ್ಲಿ, ಅಂದರೆ ಹೊಸ ಆಟಗಾರರ ಆಯ್ಕೆಯಲ್ಲಿ, ಡಲ್ಲಾಸ್ ಮ್ಯಾವರಿಕ್ಸ್ ತಂಡ ಆರಿಸಿದೆ. ಭಾರತದಲ್ಲಿ ಹುಟ್ಟಿದ ಆಟಗಾರನೊಬ್ಬ ಅಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಹತ್ತೊಂಬತ್ತು ವರ್ಷದ ಹುಡುಗ. ಲೂಧಿಯಾನದ ಅಕಾಡೆಮಿಯಲ್ಲಿ ಕಲಿತು, ಹದಿನಾಲ್ಕಕ್ಕೆಲ್ಲ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದವನು. ನಮ್ಮ ಹಾಸ್ಟೆಲಿನಲ್ಲಿ ಅವತ್ತು ಹಬ್ಬ. ತಟ್ಟೆ ಬಡಿದು ಕುಣಿದೆವು. ಆತ ನಮ್ಮ ಭಾಷೆಯವನಲ್ಲ, ರಾಜ್ಯದವನಲ್ಲ, ಆದರೂ ನಮ್ಮವನೇ. ಹಳ್ಳಿ, ಹೊಲ, ಎತ್ತರ, ಇಂಗ್ಲಿಷ್ ಬಾರದ ಸಂಕೋಚ ಎಲ್ಲವೂ ನಮ್ಮದೇ.

ಸತ್ನಾಂ ಆಯ್ಕೆಯಾದದ್ದು 52ನೆಯವನಾಗಿ. ಅವತ್ತು ನಮಗೆ ತಿಳಿಯದೆ ಇದ್ದದ್ದು ಆ ಸಂಖ್ಯೆಯ ಅರ್ಥ. ಎನ್.ಬಿ.ಎ.ಯಲ್ಲಿ 30 ತಂಡ, ಡ್ರಾಫ್ಟಿನಲ್ಲಿ ಎರಡು ಸುತ್ತು, ಒಟ್ಟು 60 ಆಯ್ಕೆ. ಮೊದಲ ಸುತ್ತಿನ ಮೂವತ್ತು ಜನಕ್ಕೆ ಆಯ್ಕೆಯ ಸಂಖ್ಯೆಯ ಪ್ರಕಾರ ಸಂಬಳ ನಿಗದಿ. ಮೊದಲ ಎರಡು ವರ್ಷದ ಹಣ ಖಾತ್ರಿ. ಕಾಲು ಮುರಿದರೂ, ಆಡಲಿಕ್ಕೇ ಆಗದೆ ಬೆಂಚಿನಲ್ಲಿ ಕೂತರೂ ಖಾತ್ರಿ. ಅದರ ಮುಂದಿನ ಎರಡು ವರ್ಷ ಉಳಿಸಿಕೊಳ್ಳುವುದು, ಬಿಡುವುದು ತಂಡದ ಇಷ್ಟ. ಎರಡನೇ ಸುತ್ತಿನವರಿಗೆ ಇಂಥ ಯಾವ ಕಟ್ಟುಪಾಡೂ ಇಲ್ಲ. ಹೆಸರು ಕರೆದರು ಅಂದರೆ ಆ ಆಟಗಾರನ ಜೊತೆ ಮಾತಾಡುವ ಹಕ್ಕು ಆ ತಂಡಕ್ಕೆ ಸಿಕ್ಕಿತು, ಅಷ್ಟೇ. ಮೂವತ್ತನೆಯವನಿಗೂ ಮೂವತ್ತೊಂದನೆಯವನಿಗೂ ಆಟದಲ್ಲಿ ಕೂದಲೆಳೆಯ ವ್ಯತ್ಯಾಸವಿರಬಹುದು. ಬದುಕಿನಲ್ಲಿ ಆ ವ್ಯತ್ಯಾಸ ಬಹಳ ದೊಡ್ಡದು.

ಸತ್ನಾಂಗೆ ಡಲ್ಲಾಸ್‌ನ ಮುಖ್ಯ ತಂಡದಲ್ಲಿ ಜಾಗ ಸಿಗಲಿಲ್ಲ. ಅದರ ಕೆಳಗಿನ ತಂಡವಾದ ಟೆಕ್ಸಸ್ ಲೆಜೆಂಡ್ಸ್‌ನಲ್ಲಿ ಎರಡು ಋತು ಆಡಿದ. ಎನ್.ಬಿ.ಎ. ಪಂದ್ಯ ಒಂದನ್ನೂ ಆಡಲಿಲ್ಲ. ಕೆನಡಾದ ಲೀಗಿಗೆ ಹೋದ, ಭಾರತಕ್ಕೆ ಆಡಿದ. 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧವಾಯಿತು. ಈಗ ಅಮೆರಿಕದಲ್ಲಿ ವೃತ್ತಿಪರ ಕುಸ್ತಿಯ ಅಖಾಡದಲ್ಲಿದ್ದಾನೆ. ಆತನ ಕಥೆಯನ್ನು ಸೋಲು ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ಎತ್ತರದ, ಅಷ್ಟು ಎಳೆಯ ಹುಡುಗನ ದೇಹ ಆಟಕ್ಕೆ ಹದವಾಗಲು ವರ್ಷಗಳು ಬೇಕು. ಐವತ್ತೆರಡನೆಯ ಆಯ್ಕೆಗೆ ಆ ವರ್ಷಗಳನ್ನು ಯಾರೂ ಕೊಡುವುದಿಲ್ಲ. ಹಾಗಂತ ಕೊನೆಯ ಸಂಖ್ಯೆಯವರೆಲ್ಲ ಮಣ್ಣು ಮುಕ್ಕಿದರು ಎಂದೂ ಅಲ್ಲ. 2014ರಲ್ಲಿ 41ನೆಯವನಾಗಿ ಆಯ್ಕೆಯಾದ ನಿಕೊಲಾ ಯೋಕಿಚ್, 1999ರಲ್ಲಿ 57ನೆಯವನಾಗಿ ಆಯ್ಕೆಯಾದ ಮನು ಜಿನೊಬಿಲಿ ಎಷ್ಟು ದೊಡ್ಡ ಆಟಗಾರರಾದರು ಎಂಬುದು ಈ ಆಟ ಬಲ್ಲವರಿಗೆಲ್ಲ ಗೊತ್ತು. ಆದರೆ ಅವರಿಬ್ಬರೂ ಆಯ್ಕೆಯಾದ ಮೇಲೂ ಯುರೋಪಿನ ದೊಡ್ಡ ಲೀಗುಗಳಲ್ಲಿ ಸಂಬಳ ತೆಗೆದುಕೊಂಡು ಆಡಿ, ಮಾಗಿ, ಆಮೇಲೆ ಅಮೆರಿಕಕ್ಕೆ ಹೋದವರು. ಯೋಕಿಚ್‌ಗೆ ಸರ್ಬಿಯಾದಲ್ಲಿ, ಜಿನೊಬಿಲಿಗೆ ಇಟಲಿಯಲ್ಲಿ ಅಂಥ ನೆಲ ಇತ್ತು. ನಮ್ಮ ಹುಡುಗರಿಗೆ ಹಿಂದೆ ಬಂದು ನಿಲ್ಲಲು ಅಂಥ ನೆಲವೇ ಇಲ್ಲ.

ನನ್ನ ಲೀಗಿನ ವಿಷಯಕ್ಕೆ ಬರುತ್ತೇನೆ. ಹೆಸರು ಬರೆಯುವುದಿಲ್ಲ, ತಂಡದ ಹೆಸರೂ ಬೇಡ. ಒಬ್ಬರ ಮೇಲೆ ದೂರು ಹೊರಿಸಲು ಬರೆಯುತ್ತಿಲ್ಲ.

ಒಪ್ಪಂದ ಇಂಗ್ಲಿಷಿನಲ್ಲಿತ್ತು, ಹತ್ತಾರು ಪುಟ. ಕಾಲೇಜಿನಲ್ಲಿ ಕಾನೂನು ಓದುತ್ತಿದ್ದ ಗೆಳೆಯನ ಜೊತೆ ಕೂತು ಪೂರಾ ಓದಿದೆ. ಸಹಿ ಹಾಕಿದಾಗ ಒಟ್ಟು ಮೊತ್ತದ ಒಂದು ಸಣ್ಣ ಭಾಗ ಮುಂಗಡ, ಉಳಿದದ್ದು ಪಂದ್ಯಗಳ ಲೆಕ್ಕದಲ್ಲಿ. ಆಟಗಾರ ಆಡಲು ಅಸಮರ್ಥನಾದರೆ ತಂಡವು ಒಪ್ಪಂದವನ್ನು ಕೊನೆಗೊಳಿಸಬಹುದು. ಗಾಯಕ್ಕೆ ಸ್ಥಳದಲ್ಲೇ ಕೊಡುವ ಚಿಕಿತ್ಸೆಯಷ್ಟೇ ತಂಡದ ಹೊಣೆ. ಗೆಳೆಯ ಆ ಸಾಲಿನ ಕೆಳಗೆ ಬೆರಳಿಟ್ಟು ನನ್ನ ಮುಖ ನೋಡಿದ. ಇದನ್ನು ಬದಲಾಯಿಸಲು ಆಗುತ್ತದೆಯೇ ಎಂದು ವ್ಯವಸ್ಥಾಪಕರನ್ನು ಕೇಳಿದೆ. ಎಲ್ಲರಿಗೂ ಇದೇ ನಮೂನೆ, ಬೇಡವಾದರೆ ಪಟ್ಟಿಯಲ್ಲಿ ಮುಂದಿನ ಹೆಸರು ಕರೆಯುತ್ತೇವೆ ಎಂದರು. ಹೇಳಿದ್ದರಲ್ಲಿ ಕಟುತನವಿರಲಿಲ್ಲ, ಸಭ್ಯವಾಗಿಯೇ ಹೇಳಿದರು. ಹೊಸಬನ ಕೈಯಲ್ಲಿ ಚೌಕಾಸಿ ಮಾಡಲು ಏನೂ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಹಿ ಹಾಕಿದೆ. ನನ್ನ ಜಾಗದಲ್ಲಿ ಇದ್ದ ಯಾವ ಹುಡುಗನಾದರೂ ಹಾಕುತ್ತಿದ್ದ.

ಶಿಬಿರ ಬೇರೆ ರಾಜ್ಯದ ಊರಿನಲ್ಲಿ. ನಾನು ಕಂಡ ಅತ್ಯುತ್ತಮ ದಿನಗಳೂ ಅವೇ ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಮರದ ಹಾಸಿನ ಕೋರ್ಟು. ನಾವು ಬೆಳೆದದ್ದು ಸಿಮೆಂಟಿನ ಮೇಲೆ, ಮಳೆ ಬಂದರೆ ಅಭ್ಯಾಸವಿಲ್ಲ, ಬಿದ್ದರೆ ಮಂಡಿಯ ಚರ್ಮ ಕಿತ್ತು ಬರುವ ನೆಲ. ಇಲ್ಲಿ ಹಾರಿ ಇಳಿದರೆ ನೆಲವೇ ಕಾಲನ್ನು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ತಂಡದಲ್ಲಿ ವಿದೇಶಿ ಆಟಗಾರರಿದ್ದರು. ರೈಲ್ವೆಯಲ್ಲಿ, ಸೇನೆಯಲ್ಲಿ ಕೆಲಸವಿದ್ದು ರಜೆ ಹಾಕಿ ಬಂದ ಹಿರಿಯರಿದ್ದರು. ಅವರನ್ನು ತಡೆಯುವಾಗ ನನ್ನ ತೋಳಿನ ಉದ್ದ ಉಪಯೋಗಕ್ಕೆ ಬರುತ್ತಿತ್ತು. ತರಬೇತುದಾರರು ಒಂದು ಸಂಜೆ ನನ್ನನ್ನು ಕರೆದು, ಎರಡನೇ ಪಂದ್ಯದಿಂದ ಬೆಂಚಿನಿಂದ ಎದ್ದು ಬರುವವರಲ್ಲಿ ನೀನೇ ಮೊದಲಿಗ ಎಂದರು.

ಲೀಗ್ ಶುರುವಾಗಲು ಕೆಲವೇ ದಿನ ಇತ್ತು. ತಂಡದೊಳಗೆ ಎರಡು ಗುಂಪು ಮಾಡಿ ಆಡಿಸುತ್ತಿದ್ದರು. ರಿಬೌಂಡ್ ಹಿಡಿಯಲು ಹಾರಿದೆ, ಚೆಂಡು ಸಿಕ್ಕಿತು, ಬಲಗಾಲ ಮೇಲೆ ಇಳಿದು ಎಡಕ್ಕೆ ತಿರುಗಿದೆ. ಯಾರೂ ತಾಕಿರಲಿಲ್ಲ. ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ತಿರುಗಿತು, ಮಂಡಿ ಒಳಗಡೆಗೆ ಕುಸಿಯಿತು. ‘ಟಕ್’ ಎಂಬ ಸದ್ದು. ನನ್ನ ಕಿವಿಗಷ್ಟೇ ಅಲ್ಲ, ಪಕ್ಕದವರಿಗೂ ಕೇಳಿಸಿತು. ನೋವು ಮೊದಲ ನಿಮಿಷದಲ್ಲಿ ಸಹಿಸಲಾಗದ್ದು, ಆಮೇಲೆ ಅಚ್ಚರಿಯಾಗುವಷ್ಟು ಇಳಿಯಿತು. ಎದ್ದು ನಿಂತೆ. ಕಾಲು ನನ್ನದು ಅನ್ನಿಸಲಿಲ್ಲ. ಒಂದು ಹೆಜ್ಜೆ ಇಟ್ಟಾಗ ತೊಡೆಯ ಮೂಳೆ ಒಂದು ಕಡೆಗೆ, ಮೊಣಕಾಲ ಕೆಳಗಿನ ಮೂಳೆ ಇನ್ನೊಂದು ಕಡೆಗೆ ಜಾರಿದ ಹಾಗಾಯಿತು. ರಾತ್ರಿ ಹೊತ್ತಿಗೆ ಮಂಡಿ ಊದಿ ತೊಡೆಯಷ್ಟು ದಪ್ಪವಾಯಿತು.

ವೈದ್ಯರು ಮಂಡಿಯನ್ನು ಸ್ವಲ್ಪ ಮಡಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿದರು. ಅದು ತಡೆಯಿಲ್ಲದೆ ಬಂತು. ಅವರ ಮುಖ ನೋಡಿಯೇ ಗೊತ್ತಾಯಿತು. ಎಂ.ಆರ್.ಐ. ಅದನ್ನು ಖಚಿತ ಮಾಡಿತು: ಎ.ಸಿ.ಎಲ್. ಪೂರಾ ಹರಿದಿದೆ, ಒಳಗಿನ ಮೆತ್ತೆಯಾದ ಮೆನಿಸ್ಕಸ್ಸಿಗೂ ಪೆಟ್ಟಾಗಿದೆ. ಎ.ಸಿ.ಎಲ್. ಅಂದರೆ ಮಂಡಿಯ ಒಳಗೆ ಅಡ್ಡಲಾಗಿ ಹಾಯುವ, ಕಿರುಬೆರಳಿಗಿಂತ ಸಣ್ಣದಾದ ಕಟ್ಟು. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮೈ ತಿರುಗಿದಾಗ ಮಂಡಿ ಹೊರಳದಂತೆ ಹಿಡಿಯುವುದು ಅದರ ಕೆಲಸ. ಓಡುತ್ತಾ ದಿಕ್ಕು ಬದಲಿಸುವ, ಹಾರಿ ಇಳಿಯುವ ಆಟಗಳಲ್ಲಿ ಇದು ಹರಿಯುವುದು ಹೆಚ್ಚು, ಅದೂ ಯಾರೂ ಮುಟ್ಟದೆ. ಪೂರಾ ಹರಿದರೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಆಟಕ್ಕೆ ಮರಳಬೇಕಾದರೆ ನಮ್ಮದೇ ಮೈಯ ಇನ್ನೊಂದು ಕಡೆಯಿಂದ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂರಿಸಬೇಕು.

ವ್ಯವಸ್ಥಾಪಕರು ಊರಿಗೆ ಹೋಗಲು ಟಿಕೆಟ್ ಮಾಡಿಸಿದರು. ಕಾಲಿಗೆ ಪಟ್ಟಿ, ಕೈಗೆ ಊರುಗೋಲು. ಹೊರಡುವಾಗ ಸಹ ಆಟಗಾರರು ತಬ್ಬಿಕೊಂಡರು, ಹಿರಿಯನೊಬ್ಬ ಜೇಬಿಗೆ ನೋಟು ತುರುಕಿದ. ಒಪ್ಪಂದ ರದ್ದಾಗಿದೆ ಎಂಬ ಪತ್ರ ಮನೆ ಮುಟ್ಟುವ ಮೊದಲೇ ಫೋನಿಗೆ ಬಂದಿತ್ತು. ನಾಲ್ಕು ಸಾಲು. ಬೇಗ ಗುಣವಾಗಲಿ ಎಂಬ ಹಾರೈಕೆಯೂ ಅದರಲ್ಲೇ ಇತ್ತು.

ಅವ್ವ ನನ್ನನ್ನು ನೋಡಿ ಅಳಲಿಲ್ಲ. ‘ಏಳಕ್ಕಾಯ್ತದಾ ಮಗ? ಕಕ್ಕಸ್‌ಗೆ ಎಂಗ್ ಹೋಯ್ತೀಯ?’ ಎಂದು ಕೇಳಿದಳು. ಅದು ನಿಜವಾದ ಸಂಕಟ. ನಮ್ಮ ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ಅದೂ ಹಿತ್ತಲಿನಲ್ಲಿ. ಮಡಿಸಲಾಗದ ಕಾಲಿನವನಿಗೆ ಅದು ಸಾಧ್ಯವಿಲ್ಲ. ಅಪ್ಪ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದರು. ನಾನು ಮಂಡಿಯೆತ್ತರದ ಹುಡುಗನಾಗಿದ್ದಾಗ ಹಿಡಿದು ನಡೆಸುತ್ತಿದ್ದ ಹಾಗೆಯೇ, ರಾತ್ರಿ ಹೊತ್ತು ನನ್ನ ಕಂಕುಳಿಗೆ ಭುಜ ಕೊಟ್ಟು ಹಿತ್ತಲಿಗೆ ಕರೆದೊಯ್ಯುತ್ತಿದ್ದರು. ಆರಡಿ ನಾಲ್ಕಂಗುಲದ ಮಗನನ್ನು, ನನ್ನ ಎದೆಮಟ್ಟದ ಅಪ್ಪ. ಗಾಯದ ಬಗ್ಗೆ ಬರೆಯುವವರು ಮೂಳೆ, ಕಟ್ಟು, ಶಸ್ತ್ರಚಿಕಿತ್ಸೆ ಎಂದು ಬರೆಯುತ್ತಾರೆ. ನನಗೆ ಅದೆಲ್ಲಕ್ಕಿಂತ ಕಷ್ಟವಾದದ್ದು ಆ ಹಿತ್ತಲಿನ ದಾರಿ.

ಶಸ್ತ್ರಚಿಕಿತ್ಸೆಗೆ ಎರಡು ಲಕ್ಷಕ್ಕೂ ಮೇಲೆ ಹೇಳಿದರು. ಮುಂಗಡದ ಹಣ ಅದರ ಹತ್ತಿರಕ್ಕೂ ಬರಲಿಲ್ಲ. ಅವ್ವ ಒಡವೆ ಗಿರವಿ ಇಟ್ಟಳು, ಸಂಘದಲ್ಲಿ ಸಾಲ ತೆಗೆದಳು. ಅಕ್ಕ ತನ್ನ ಗಂಡನ ಮನೆಯವರನ್ನು ಕೇಳಿ ಒಂದಷ್ಟು ತಂದಳು. ನನ್ನ ಹಳೆಯ ಕ್ಲಬ್ಬಿನ ಹುಡುಗರು ತಮ್ಮತಮ್ಮಲ್ಲೇ ಸೇರಿಸಿ ಕಳಿಸಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನಿಗೆ ಸೂಜಿ ಹಾಕಿ ಸೊಂಟದಿಂದ ಕೆಳಗೆ ಜೋಮು ಹಿಡಿಸಿದರು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು, ಮಡಿಚಿ ದಪ್ಪ ಮಾಡಿ, ಮೂಳೆಗಳಲ್ಲಿ ರಂಧ್ರ ಕೊರೆದು ಕೂರಿಸಿದರು. ಕೊರೆಯುವ ಸದ್ದು ಕೇಳುತ್ತಾ ಎಚ್ಚರವಾಗಿದ್ದೆ.

ಆಮೇಲಿನ ತಿಂಗಳುಗಳ ಬಗ್ಗೆ ಹೊರಗಿನವರಿಗೆ ಅಂದಾಜಿರುವುದಿಲ್ಲ. ಆಪರೇಷನ್ ಆಯಿತು, ಗುಣವಾಯಿತು ಎಂದುಕೊಳ್ಳುತ್ತಾರೆ. ಮೊದಲ ಕೆಲಸ ಕಾಲನ್ನು ಪೂರಾ ನೇರ ಮಾಡುವುದು. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಮಂಡಿ ಗಾಳಿಯಲ್ಲಿ ತೂಗುವಂತೆ ಬಿಟ್ಟು, ತನ್ನ ಭಾರಕ್ಕೆ ತಾನೇ ಇಳಿಯಲಿ ಎಂದು ಮಲಗಿರಬೇಕು. ಹಲ್ಲು ಕಚ್ಚಿ ಮಲಗಿರುತ್ತಿದ್ದೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿ ಮಾಡು ಎಂದರೆ ಅದು ಮಾತೇ ಕೇಳುತ್ತಿರಲಿಲ್ಲ. ಮಿದುಳಿಂದ ಹೋದ ಆಜ್ಞೆ ಎಲ್ಲೋ ನಿಂತುಹೋಗುತ್ತಿತ್ತು. ಫಿಸಿಯೊ ಮೇಡಂ ಟೇಪು ಹಿಡಿದು ಎರಡೂ ತೊಡೆ ಅಳೆದಾಗ ಬಲತೊಡೆ ಸೊರಗಿದ್ದು ಕಣ್ಣಿಗೇ ಕಾಣುತ್ತಿತ್ತು. ನಡೆಯಲು ಬಂದ ಮೇಲೆ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿ, ವ್ಯಾಯಾಮ ಮುಗಿಸಿ, ಸಂಜೆ ಮರಳುತ್ತಿದ್ದೆ. ನಿತ್ಯ ಓಡಾಡುವ ನೌಕರರು ನನ್ನ ಕಾಲು ಪಟ್ಟಿ ನೋಡಿ ಜಾಗ ಬಿಡುತ್ತಿದ್ದರು. ಅವರ ಹೆಸರು ನನಗೆ ಗೊತ್ತಿಲ್ಲ, ಋಣವಂತೂ ಇದೆ.

ಮೇಡಂ ಹೇಳಿದ ಒಂದು ವಿಷಯವನ್ನು ಗಾಯಗೊಂಡ ಪ್ರತಿ ಆಟಗಾರನೂ ತಿಳಿದಿರಬೇಕು. ಕೂರಿಸಿದ ಸ್ನಾಯುರಜ್ಜು ಮೊದಲ ದಿನವೇ ಕಟ್ಟಾಗಿ ಕೆಲಸ ಮಾಡುವುದಿಲ್ಲ. ಮೊದಮೊದಲು ಅದಕ್ಕೆ ರಕ್ತ ಸಂಚಾರವಿರುವುದಿಲ್ಲ, ಅದರೊಳಗಿನ ಜೀವಕೋಶಗಳು ಸಾಯುತ್ತವೆ. ನಿಧಾನವಾಗಿ ಹೊಸ ರಕ್ತನಾಳ ಬೆಳೆದು, ಹೊಸ ಕೋಶ ತುಂಬಿ ಅದು ಕಟ್ಟಾಗಿ ಮಾರ್ಪಡುತ್ತದೆ. ಆ ನಡುವಿನ ವಾರಗಳಲ್ಲಿ ಅದು ತೀರಾ ದುರ್ಬಲ. ಮನುಷ್ಯನಿಗೆ ಮಾತ್ರ ಅದೇ ಹೊತ್ತಿಗೆ ಊತ ಇಳಿದು, ನೋವು ಹೋಗಿ, ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಓಡಬೇಕು ಅನ್ನಿಸುತ್ತದೆ. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಇಳಿದವರಲ್ಲಿ ಮತ್ತೆ ಹರಿಯುವ ಸಂಭವ ಬಹಳ ಹೆಚ್ಚು. ಒಂಬತ್ತು ತಿಂಗಳಾದ ಮೇಲೂ ಒಂಟಿ ಕಾಲಲ್ಲಿ ಹಾರುವ ದೂರ, ತೊಡೆಯ ಬಲ ಎರಡೂ ಇನ್ನೊಂದು ಕಾಲಿನ ಶೇಕಡಾ ತೊಂಬತ್ತರಷ್ಟು ಬಂದಿರಬೇಕು.

ಹೊಸಬನಿಗೆ ಒಂಬತ್ತು ತಿಂಗಳು ಅಂದರೆ ಏನು? ಲೀಗಿನ ಒಂದು ಋತು ಮುಗಿದು ಮುಂದಿನ ಆಯ್ಕೆಯ ಪಟ್ಟಿ ತಯಾರಾಗುತ್ತದೆ. ಹೊಸ ಹುಡುಗರು ಬರುತ್ತಾರೆ. ನನ್ನ ತಂಡದ ಪಂದ್ಯಗಳನ್ನು ಮಂಚದ ಮೇಲೆ ಮಲಗಿ ಫೋನಿನಲ್ಲಿ ನೋಡಿದೆ. ನನಗೆ ಕೊಟ್ಟಿದ್ದ ನಂಬರಿನ ಅಂಗಿಯನ್ನು ಪಟ್ಟಿಯ ಮುಂದಿನ ಹುಡುಗ ತೊಟ್ಟಿದ್ದ. ಚೆನ್ನಾಗಿ ಆಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಒಪ್ಪಂದದಲ್ಲೂ ಅದೇ ಸಾಲು ಇತ್ತು.

ಆ ಮಂಚದ ಮೇಲೆಯೇ ನಾನು ಎನ್.ಬಿ.ಎ.ಯ ಹೊಸಬರ ಕಥೆಗಳನ್ನು ಹುಡುಕಿ ಹುಡುಕಿ ಓದಿದೆ. ಮೊದಲ ಪಂದ್ಯಕ್ಕೂ ಮುಂಚೆ ಬಿದ್ದವರು ಯಾರು, ಎದ್ದವರು ಯಾರು ಎಂದು. 2009ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಬ್ಲೇಕ್ ಗ್ರಿಫಿನ್ ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯದಲ್ಲಿ ಮಂಡಿಚಿಪ್ಪು ಸೀಳಿಕೊಂಡು ಇಡೀ ವರ್ಷ ಹೊರಗೆ ಕೂತ. ಮರುವರ್ಷ ಬಂದು ಪಂದ್ಯಕ್ಕೆ ಸರಾಸರಿ 22.5 ಅಂಕ ಗಳಿಸಿ ವರ್ಷದ ಹೊಸ ಆಟಗಾರ ಎನಿಸಿದ. 2016ರ ಮೊದಲ ಆಯ್ಕೆ ಬೆನ್ ಸಿಮನ್ಸ್ ಪಾದದ ಮೂಳೆ ಮುರಿದು ಒಂದು ವರ್ಷ ಕಳೆದುಕೊಂಡ, ಮರಳಿ ಬಂದು ಅದೇ ಪ್ರಶಸ್ತಿ ಪಡೆದ. 2022ರ ಎರಡನೇ ಆಯ್ಕೆ ಚೆಟ್ ಹೋಲ್ಮ್‌ಗ್ರೆನ್ ಸಿಯಾಟಲ್‌ನ ಪ್ರದರ್ಶನ ಪಂದ್ಯವೊಂದರಲ್ಲಿ ಲೆಬ್ರಾನ್ ಜೇಮ್ಸ್‌ನನ್ನು ತಡೆಯಲು ಹೋಗಿ ಬಲಪಾದಕ್ಕೆ ಪೆಟ್ಟು ಮಾಡಿಕೊಂಡು ಇಡೀ ಋತು ಆಡಲಿಲ್ಲ. ಮರುವರ್ಷ 82 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಆಡಿದ. 2025ರಲ್ಲಿ ಅವನ ಒಕ್ಲಹೊಮ ಸಿಟಿ ತಂಡ ಚಾಂಪಿಯನ್ ಆಯಿತು.

ನನ್ನನ್ನು ಎಲ್ಲರಿಗಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಜೊಯೆಲ್ ಎಂಬೀಡ್ ಕಥೆ. ಕ್ಯಾಮರೂನಿನ ಹುಡುಗ, ಹದಿನೈದು ದಾಟಿದ ಮೇಲೆ ಬ್ಯಾಸ್ಕೆಟ್‌ಬಾಲ್ ಹಿಡಿದವನು. 2014ರಲ್ಲಿ ಮೂರನೆಯವನಾಗಿ ಫಿಲಡೆಲ್ಫಿಯಾ ತಂಡಕ್ಕೆ ಆಯ್ಕೆಯಾದಾಗಲೇ ಪಾದದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಅದೇ ವರ್ಷ ಅವನ ತಮ್ಮ ಊರಿನಲ್ಲಿ ಅಪಘಾತದಲ್ಲಿ ತೀರಿಕೊಂಡ. ಪಾದ ಗುಣವಾಗದೆ ಮರುವರ್ಷ ಇನ್ನೊಂದು ಶಸ್ತ್ರಚಿಕಿತ್ಸೆ. ಎರಡು ಪೂರ್ತಿ ಋತು ಒಂದೂ ಪಂದ್ಯ ಆಡಲಿಲ್ಲ. ಆಡದೆ ಇದ್ದಾಗಲೇ ತಂಡ ಅವನನ್ನು ಮೂರನೇ ವರ್ಷಕ್ಕೂ ಉಳಿಸಿಕೊಂಡಿತು. 2016ರ ಅಕ್ಟೋಬರ್ 26ರಂದು ಮೊದಲ ಪಂದ್ಯ ಆಡಿ 20 ಅಂಕ ಹೊಡೆದ. 2023ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆಂಬ ಪ್ರಶಸ್ತಿ ಪಡೆದ.

ಇದನ್ನು ಛಲದ ಕಥೆ ಎಂದು ಹೇಳುವವರೇ ಹೆಚ್ಚು. ಛಲ ಇತ್ತು, ಅನುಮಾನವಿಲ್ಲ. ಆದರೆ ಎಂಬೀಡ್ ಆಡದೆ ಕಳೆದ ಆ ಎರಡು ವರ್ಷಗಳನ್ನೂ, ಮೊದಲ ಸುತ್ತಿನವರಿಗೆ ನಿಯಮ ಖಾತ್ರಿ ಕೊಡುವ ಎರಡು ವರ್ಷಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸಂಬಳ ಬರುತ್ತಿತ್ತು, ವೈದ್ಯರಿದ್ದರು, ವ್ಯಾಯಾಮಶಾಲೆ ಇತ್ತು, ದಿನವೂ ಹೋಗಿ ಕೂರಲು ಒಂದು ತಂಡವಿತ್ತು. ಗ್ರಿಫಿನ್‌ಗೂ ಸಿಮನ್ಸ್‌ಗೂ ಹೋಲ್ಮ್‌ಗ್ರೆನ್‌ಗೂ ಅದೇ. ಅವರ ಮಂಡಿ, ಪಾದ ಗುಣವಾಗುವ ತನಕ ಅವರ ಅಮ್ಮಂದಿರು ಒಡವೆ ಗಿರವಿ ಇಡಬೇಕಾಗಿರಲಿಲ್ಲ. ಐವತ್ತೆರಡನೆಯವನಾಗಿ ಆಯ್ಕೆಯಾದ ಒಬ್ಬ ಹುಡುಗನಿಗೆ ಇದೇ ಪೆಟ್ಟಾಗಿದ್ದರೆ ಅವನ ಹೆಸರು ನಮಗೆ ನೆನಪಿರುತ್ತಿತ್ತೇ?

ಹಣ ಇದ್ದರೆ ಎಲ್ಲ ಮಂಡಿಯೂ ಸರಿಹೋಗುತ್ತದೆ ಎಂದೂ ನಾನು ಹೇಳುವುದಿಲ್ಲ. 2007ರಲ್ಲಿ ಕೆವಿನ್ ಡ್ಯುರಾಂಟ್‌ಗಿಂತ ಮೊದಲು, ಮೊಟ್ಟಮೊದಲ ಆಯ್ಕೆಯಾಗಿ ಹೋದ ಗ್ರೆಗ್ ಓಡೆನ್ ಇದ್ದಾನೆ. ಋತು ಶುರುವಾಗುವ ಮುಂಚೆ ಬಲಮಂಡಿಗೆ ಶಸ್ತ್ರಚಿಕಿತ್ಸೆ, ಆಮೇಲೆ ಒಂದರ ಹಿಂದೊಂದು. ಪೋರ್ಟ್‌ಲೆಂಡ್ ಪರ ಆತ ಆಡಿದ್ದು ಒಟ್ಟು 82 ಪಂದ್ಯ. ಬೇರೆಯವರು ಒಂದೇ ಋತುವಿನಲ್ಲಿ ಆಡುವಷ್ಟು. ಆತನ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೂ ಆತನಿಗೆ ಪ್ರಯತ್ನಿಸುವ ಅವಕಾಶ ಸಿಕ್ಕಿತು, ಮತ್ತೆ ಮತ್ತೆ ಸಿಕ್ಕಿತು. ದೇಹ ಒಲ್ಲೆನೆಂದಿದ್ದಕ್ಕೆ ಆಟ ನಿಂತಿತು, ಕಾಗದದ ಸಾಲೊಂದು ಹೇಳಿದ್ದಕ್ಕಲ್ಲ.

ನಮ್ಮ ದೇಶದವರೂ ಎನ್.ಬಿ.ಎ.ಯ ಬಾಗಿಲನ್ನು ಬಡಿಯುತ್ತಲೇ ಇದ್ದಾರೆ. 2016ರಲ್ಲಿ ಪಾಲ್‌ಪ್ರೀತ್ ಸಿಂಗ್ ಬ್ರಾರ್‌ನನ್ನು ಎನ್.ಬಿ.ಎ.ಯ ಕೆಳಗಿನ ಲೀಗಿನ ಡ್ರಾಫ್ಟಿನಲ್ಲಿ ಲಾಂಗ್ ಐಲೆಂಡ್ ತಂಡ ಆರಿಸಿತು. ಅಮ್‌ಜ್ಯೋತ್ ಸಿಂಗ್ ಒಕ್ಲಹೊಮ ಸಿಟಿ ಬ್ಲೂ ತಂಡಕ್ಕೆ ಆಡಿದ. ಪ್ರಿನ್ಸ್‌ಪಾಲ್ ಸಿಂಗ್ 2021ರಲ್ಲಿ ಬೇಸಿಗೆ ಲೀಗ್ ಗೆದ್ದ ಸ್ಯಾಕ್ರಮೆಂಟೊ ತಂಡದಲ್ಲಿದ್ದ. ಆ ಕೆಳಗಿನ ಲೀಗಿನಲ್ಲೂ 2018–19ರ ಋತುವಿಗೆ ಆಟಗಾರನ ಸಂಬಳ 35,000 ಡಾಲರ್. ಅಲ್ಲಿನ ಖರ್ಚಿಗೆ ಅದು ದೊಡ್ಡದಲ್ಲ. ಇವರೆಲ್ಲರೂ ಒಂದು ಕೆಟ್ಟ ಇಳಿತದ ಅಂಚಿನಲ್ಲೇ ಆಡಿದವರು ಎಂದು ಈಗ ನನಗೆ ಅರ್ಥವಾಗುತ್ತದೆ.

ಮೇಡಂ ಹೇಳಿದ ದಿನಕ್ಕಿಂತ ಒಂದು ದಿನವೂ ಮುಂಚೆ ನಾನು ಕೋರ್ಟಿಗೆ ಇಳಿಯಲಿಲ್ಲ. ಇಳಿಯುವ ಆಸೆ ಎಷ್ಟಿತ್ತೆಂದರೆ ಮುಂದಿನ ಋತುವಿನ ಆಯ್ಕೆಗೆ ಬರುತ್ತೀಯಾ ಎಂದು ಬೇರೆ ತಂಡದವರು ಏಳನೇ ತಿಂಗಳಿನಲ್ಲಿ ಕೇಳಿದಾಗ ಕೈ ನಡುಗಿತು. ಅಪ್ಪ ‘ಬ್ಯಾಡ ಅನ್ನು’ ಎಂದರು. ಬೇಡ ಅಂದೆ. ಅವರು ಮತ್ತೆ ಕರೆಯಲಿಲ್ಲ. ಆಮೇಲೆ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ನೆಟ್ಟಗೆ ಓಡುವುದರಿಂದ ಶುರುಮಾಡಿ, ಎಂಟರ ಆಕಾರದಲ್ಲಿ ಓಡಿ, ಮೆಟ್ಟಿಲಿಂದ ಎರಡೂ ಕಾಲಲ್ಲಿ ಇಳಿದು, ಕೊನೆಗೆ ಒಂಟಿ ಕಾಲಲ್ಲಿ ಇಳಿಯಲು ಕಲಿತೆ. ಮೈಗಿಂತ ಮನಸ್ಸು ತಡವಾಗಿ ಗುಣವಾಗುತ್ತದೆ. ಕಾಲು ಸಿದ್ಧವಾಗಿತ್ತು, ಬಲಗಾಲ ಮೇಲೆ ಇಳಿಯಬೇಕಾದ ಕ್ಷಣದಲ್ಲಿ ತಲೆ ಒಪ್ಪುತ್ತಿರಲಿಲ್ಲ. ಅದನ್ನು ಒಪ್ಪಿಸಲು ಇನ್ನೊಂದು ಮಳೆಗಾಲ ಬೇಕಾಯಿತು.

ಈಗ ಆಡುತ್ತಿದ್ದೇನೆ. ರಾಜ್ಯ ಮಟ್ಟದ ಲೀಗಿನಲ್ಲಿ ನನ್ನ ಹಳೆಯ ಕ್ಲಬ್ಬಿಗೆ ಆಡುತ್ತೇನೆ. ಮೊದಲಿನಷ್ಟು ಎತ್ತರ ಹಾರುವುದಿಲ್ಲ. ಎಲ್ಲಿ ನಿಲ್ಲಬೇಕು, ಚೆಂಡು ಯಾವ ಕಡೆ ಪುಟಿಯುತ್ತದೆ ಎಂಬುದನ್ನು ಮೊದಲಿಗಿಂತ ಚೆನ್ನಾಗಿ ಬಲ್ಲೆ. ವೃತ್ತಿಪರ ಲೀಗಿನಿಂದ ಮತ್ತೆ ಕರೆ ಬಂದಿಲ್ಲ. ಒಂದು ಖಾಸಗಿ ಶಾಲೆಯಲ್ಲಿ ತರಬೇತುದಾರನ ಕೆಲಸ ಸಿಕ್ಕಿದೆ. ಸಂಘದ ಸಾಲ ತೀರಿತು, ಒಡವೆ ಬಿಡಿಸಿ ತಂದೆವು. ಅವ್ವ ಇನ್ನೂ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ.

ನನ್ನ ಹತ್ತಿರ ಕಲಿಯುವ ಮಕ್ಕಳಲ್ಲಿ ಇಬ್ಬರು ಹುಡುಗಿಯರಿಗೆ ದೊಡ್ಡ ಆಟಗಾರ್ತಿಯರಾಗುವ ಲಕ್ಷಣ ಇದೆ. ಹುಡುಗಿಯರಲ್ಲಿ ಈ ಕಟ್ಟು ಹರಿಯುವುದು ಹುಡುಗರಿಗಿಂತ ಹೆಚ್ಚು ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಅದಕ್ಕೆ ನಾನು ಚೆಂಡು ಕೊಡುವ ಮೊದಲು ಇಳಿಯುವುದನ್ನು ಕಲಿಸುತ್ತೇನೆ: ಮಂಡಿ ಒಳಗೆ ಬೀಳಬಾರದು, ಬೆರಳುಗಳ ನೇರಕ್ಕೆ ಇರಬೇಕು, ಸೊಂಟ ಹಿಂದಕ್ಕೆ, ಸದ್ದಿಲ್ಲದೆ ಇಳಿಯಬೇಕು. ಹಾಸ್ಟೆಲಿನಲ್ಲಿ ನಮಗೆ ಹಾರುವುದನ್ನು ಕಲಿಸಿದರು. ಇಳಿಯುವುದನ್ನು ಕಲಿಸುವವರು ಆಗ ಇರಲಿಲ್ಲ. ರಾಜ್ಯದ ಪ್ರತಿ ಕ್ರೀಡಾ ವಸತಿ ನಿಲಯಕ್ಕೂ ಒಬ್ಬ ಫಿಸಿಯೊ ಬೇಕು, ವಾರಕ್ಕೊಮ್ಮೆ ಬಂದು ಹೋದರೂ ಸಾಕು.

ಲೀಗು ನಡೆಸುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಎನ್.ಬಿ.ಎ.ಯಂತೆ ಎರಡು ವರ್ಷದ ಖಾತ್ರಿ ಕೊಡಿ ಎಂದು ಕೇಳುವುದಿಲ್ಲ, ಅಷ್ಟು ಹಣ ಇಲ್ಲಿನ ಆಟದಲ್ಲಿಲ್ಲ. ನಿಮ್ಮ ಶಿಬಿರದಲ್ಲಿ, ನಿಮ್ಮ ಪಂದ್ಯದಲ್ಲಿ ಆದ ಗಾಯದ ಚಿಕಿತ್ಸೆ ನಿಮ್ಮದು ಎಂದು ಒಂದು ಸಾಲು ಬರೆಯಿರಿ. ಆ ಋತು ಮುಗಿಯುವ ತನಕ ಸಂಬಳ ನಿಲ್ಲಿಸುವುದಿಲ್ಲ ಎಂದು ಇನ್ನೊಂದು ಸಾಲು. ಇಡೀ ತಂಡಕ್ಕೆ ಒಂದು ಗುಂಪು ವಿಮೆ ಮಾಡಿಸಿ. ಹೊಸಬ ತಾನಾಗಿ ಇದನ್ನು ಕೇಳಿ ಪಡೆಯಲಾರ, ಅವನ ಹಿಂದೆ ಪಟ್ಟಿಯಲ್ಲಿ ಇನ್ನೊಂದು ಹೆಸರಿರುತ್ತದೆ. ಹಾಗಾಗಿ ಹಿರಿಯ ಆಟಗಾರರು ಕೇಳಬೇಕು, ರಾಜ್ಯದ ಬ್ಯಾಸ್ಕೆಟ್‌ಬಾಲ್ ಸಂಸ್ಥೆಗಳು ಕೇಳಬೇಕು. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೇ, ಮಗನೋ ಮಗಳೋ ಆಯ್ಕೆಯಾದ ಸುದ್ದಿ ಬಂದ ದಿನ ನೀವೂ ಸಿಹಿ ಹಂಚಿ. ಸಹಿಗೆ ಮುಂಚೆ ಮಾತ್ರ, ಬಿದ್ದರೆ ನೋಡಿಕೊಳ್ಳುವವರು ಯಾರು ಎಂದು ಬಾಯಿ ಬಿಟ್ಟು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.